ಇಳಿವಯಸ್ಸಿನ ಆರೋಗ್ಯ ಮತ್ತು ನಮ್ಮ ಮನೆಗಳು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯೆಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದ್ದರಿಂದ ಎರಡು ಶಬ್ದಗಳಿಂದಲೇ ಮಾತು ಆರಂಭಿಸುತ್ತೇನೆ. ವಯಸ್ಸಾದವರನ್ನು ನಾವು ಉರ್ದುವಿನಲ್ಲಿ ಬುಜುರ್ಗ್ ಎನ್ನುತ್ತೇವೆ. ಫಾರಸಿಯಿಂದ ಬಂದ ಈ ಪದಕ್ಕೆ ದೊಡ್ಡದು ಎಂದು ಅರ್ಥ. ಕನ್ನಡದ ‘ಹಿರಿಯ’ ಎಂಬ ಪದಕ್ಕೂ ಅದೇ ಅರ್ಥ. ದುರ್ಬಲ ಎಂಬ ಅರ್ಥ ಎರಡರಲ್ಲೂ ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಹಿರಿಯರಿಗೆ ಗೌರವ ಕೊಡುವುದೆಂದರೆ ಅವರನ್ನು ಒಂದು ಕಡೆ ಕೂರಿಸಿಬಿಡುವುದು ಎಂದಾಗಿದೆ. “ದಾದಿ, ನೀವು ಏಳಬೇಡಿ, ನೀರು ನಾನು ತರ್ತೀನಿ.” “ನಾನಾ, ಅಂಗಡಿಗೆ ನೀವ್ಯಾಕೆ ಹೋಗ್ತೀರಿ? ಹುಡುಗರಿಲ್ವಾ?” ಹೀಗೆ ಹೇಳುವ ಮಕ್ಕಳು ಒಳ್ಳೆಯ ಮಕ್ಕಳೇ. ಆದರೂ ಈ ಪ್ರೀತಿಯೇ ಹಿರಿಯರ ಕಾಲಿನ ಶಕ್ತಿಯನ್ನು ಕಸಿಯುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೂವತ್ತು ವರ್ಷ ದಾಟಿದ ಮೇಲೆ ನಮ್ಮೆಲ್ಲರ ಮಾಂಸಖಂಡವೂ ನಿಧಾನವಾಗಿ ಕರಗತೊಡಗುತ್ತದೆ. ಅರವತ್ತರ ನಂತರ ಅದರ ವೇಗ ಹೆಚ್ಚು. ಬಳಸದಿದ್ದರಂತೂ ಬಹಳ ಬೇಗ ಹೋಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. ಹತ್ತೇ ದಿನಗಳಲ್ಲಿ ಅವರ ಕಾಲುಗಳ ಮಾಂಸಭಾಗ ಸುಮಾರು ಒಂದು ಕಿಲೋದಷ್ಟು ಕಡಿಮೆಯಾಗಿತ್ತು! ಜ್ವರ ಬಂದು ಮಲಗಿದ ಅಜ್ಜಿ, ಜ್ವರ ಬಿಟ್ಟ ಮೇಲೂ ಏಳಲಾರದೆ ಹೋಗುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಕೇಳಿ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರ ಹತ್ತು ಜನರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರೆಲ್ಲ ತೊಂಬತ್ತರ ಆಸುಪಾಸಿನವರು, ತೀರ ಸೊರಗಿದವರು. ಕೊನೆಯವರೆಗೂ ವ್ಯಾಯಾಮ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಏರಿತು. ಹೀಗಿರುವಾಗ ಎಪ್ಪತ್ತರ ನಾನಾ ಅವರಿಗೆ ‘ಇನ್ನೇನು, ಕೂತು ಉಣ್ಣಿ’ ಎನ್ನುವ ಅಧಿಕಾರ ನಮಗೆ ಯಾರು ಕೊಟ್ಟರು?

ಉಣ್ಣುವ ಮಾತು ಬಂತು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ವಯಸ್ಸಾದವರ ತಟ್ಟೆಯಲ್ಲಿ ಏನಿರುತ್ತದೆ ಎಂದು ಈ ವಾರ ಗಮನಿಸಿ. ಬೆಳಿಗ್ಗೆ ಸಿಹಿ ಚಹಾ, ಅದರಲ್ಲಿ ಅದ್ದಿದ ಬನ್ನು ಅಥವಾ ಬಿಸ್ಕತ್ತು. ಮಧ್ಯಾಹ್ನ ಮೆತ್ತಗಿನ ಅನ್ನ, ತಿಳಿಸಾರು. ಸಂಜೆ ಮತ್ತೆ ಚಹಾ. ರಾತ್ರಿ ಹಸಿವಿಲ್ಲವೆಂದು ಒಂದು ಲೋಟ ಗಂಜಿ. ಹೊಟ್ಟೆ ತುಂಬುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆಯೂ ಏರುತ್ತದೆ, ಆದರೆ ಮಾಂಸಖಂಡ ಕಟ್ಟುವ ಪ್ರೋಟೀನು ಬಹಳ ಕಡಿಮೆ. ಮನೆಯಲ್ಲಿ ಮಾಂಸ ಬೇಯಿಸಿದ ದಿನವೂ, ಹಲ್ಲಿಲ್ಲವೆಂದು ದಾದಿಯ ತಟ್ಟೆಗೆ ಬರೀ ಶೋರ್ವಾ, ತುಂಡುಗಳೆಲ್ಲ ಹುಡುಗರಿಗೆ! ಶೋರ್ವಾದಲ್ಲಿ ಉಪ್ಪು, ಖಾರ, ಎಣ್ಣೆ ಇರುತ್ತವೆ. ಪ್ರೋಟೀನಿನ ಬಹುಭಾಗ ಉಳಿಯುವುದು ತುಂಡಿನಲ್ಲೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಅಂದರೆ 60 ಕಿಲೋ ತೂಗುವವರಿಗೆ 50 ಗ್ರಾಂ. ಇಳಿವಯಸ್ಸಿನವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಹೇಳುವ ತಜ್ಞರೂ ಇದ್ದಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲೂ ಅಷ್ಟೇ. ಚಹಾ ಮತ್ತು ತಿಳಿಸಾರಿನಿಂದ 50ರ ಹತ್ತಿರ ಹೋಗುವುದು ಹೇಗೆಂದು ಗಣಿತದ ಮೇಷ್ಟ್ರನ್ನೇ ಕೇಳಿ. ಅಗಿಯಲು ಆಗದವರಿಗೂ ದಾರಿಯಿದೆ. ನುಣ್ಣಗೆ ಬೇಯಿಸಿದ ಖೀಮಾ, ಮುಳ್ಳು ತೆಗೆದ ಮೀನು, ಬೇಯಿಸಿ ಮಸೆದ ಮೊಟ್ಟೆ, ಹೆಸರುಬೇಳೆಯ ಕಿಚಡಿ, ಮೊಸರು, ಇವುಗಳಿಗೆ ಹಲ್ಲು ಬೇಡ. ದಂತವೈದ್ಯರಿಂದ ಹಲ್ಲಿನ ಸೆಟ್ಟು ಕಟ್ಟಿಸಿಕೊಡುವುದು ಇನ್ನೂ ಒಳ್ಳೆಯದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ರಾಗಿಯನ್ನು ಬಡವರ ಊಟವೆಂದು ಕೆಳಗಿಟ್ಟ ಮನೆಗಳು ನಮ್ಮಲ್ಲಿವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೂಳೆ ಸವೆಯುವ ವಯಸ್ಸಿನಲ್ಲಿ ಯಾವುದು ಶ್ರೀಮಂತರ ಊಟ ನೀವೇ ಹೇಳಿ. ಉಪ್ಪಿನ ವಿಷಯ ಎಲ್ಲರಿಗೂ ಗೊತ್ತಿದೆ, ಪಾಲಿಸುವವರು ಕಡಿಮೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ಆ ಲೆಕ್ಕದೊಳಗೇ ಬರಬೇಕು.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾನೇ ತರಗತಿಯಲ್ಲಿ ಕಲಿಸುತ್ತೇನೆ. ಆದರೆ ಮನೆಯಲ್ಲಿ ಈ ಗಾದೆ ಅಪಾಯಕಾರಿ. ನಿನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದ ಹಿರಿಯರು ಇಂದು ಇದ್ದಕ್ಕಿದ್ದಂತೆ ಗೊಂದಲಗೊಂಡರೆ, ಹಗಲು ರಾತ್ರಿ ತಿಳಿಯದಾದರೆ, ಅದು ವಯಸ್ಸಿನ ಮರುಳಲ್ಲ. ದೇಹದಲ್ಲಿ ನೀರು ಕಡಿಮೆಯಾಗಿರಬಹುದು, ಮೂತ್ರದ ಸೋಂಕಿರಬಹುದು, ರಕ್ತದ ಸಕ್ಕರೆ ಇಳಿದಿರಬಹುದು, ಹೊಸ ಮಾತ್ರೆಯ ಪರಿಣಾಮವಿರಬಹುದು, ಪಾರ್ಶ್ವವಾಯುವೂ ಆಗಿರಬಹುದು. ಅಂದೇ, ಆಗಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಜೊತೆಗೆ, ರಾತ್ರಿ ಎದ್ದು ಹೋಗುವ ಕಷ್ಟಕ್ಕೆ ಹೆದರಿ ಅನೇಕರು, ಅದರಲ್ಲೂ ತಾಯಂದಿರು, ಬೇಕೆಂದೇ ನೀರು ಕುಡಿಯುವುದಿಲ್ಲ. ನೀರು ಕೊಡುವುದರ ಜೊತೆಗೆ ಬಚ್ಚಲಿನ ದಾರಿಗೆ ಒಂದು ದೀಪವನ್ನೂ ಹಾಕಿಸಿ. ಮುಂಜಾನೆ ಕತ್ತಲಲ್ಲಿ ವಜೂ ಮಾಡುವ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ, ಮತ್ತೆ ನಡೆಯುವುದು ಬಹಳ ಕಷ್ಟ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಅಂಚಿನಲ್ಲಿ ಕುಳಿತು ಏಳಲಿ. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ.

ರಮಜಾನಿನ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆಯ ಹಿರಿಯರು ಉಪವಾಸಕ್ಕೆ ಆರರಿಂದ ಎಂಟು ವಾರ ಮುಂಚೆಯೇ ವೈದ್ಯರನ್ನು ಕಂಡು, ಮಾತ್ರೆ ಅಥವಾ ಇನ್ಸುಲಿನ್ನಿನ ಪ್ರಮಾಣ ಮತ್ತು ಹೊತ್ತನ್ನು ಬದಲಿಸಿಕೊಳ್ಳಬೇಕು. ಬೆರಳಿನಿಂದ ರಕ್ತದ ಹನಿ ತೆಗೆದು ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲವೆಂಬುದು ಬಹುಪಾಲು ಉಲಮಾಗಳ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕೆಂದು ವೈದ್ಯರ ಮಾರ್ಗಸೂಚಿ ಹೇಳುತ್ತದೆ. ರೋಗಿಗಳಿಗೆ ರಿಯಾಯಿತಿ ಇರುವುದು ನಮಗೆಲ್ಲ ಗೊತ್ತು. ‘ಜನ ಏನೆನ್ನುತ್ತಾರೆ’ ಎಂಬ ಸಂಕೋಚಕ್ಕೆ ಹಿರಿಯರು ಅದನ್ನು ಬಳಸದಿದ್ದರೆ, ಮಕ್ಕಳೇ ನೆನಪಿಸಬೇಕು.

ಇನ್ನು ದಿನದ ಚಟುವಟಿಕೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಅದರೊಂದಿಗೆ ವಾರದಲ್ಲಿ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಿರಿಯರಿಗೆ ಸಲಹೆ ಕೊಟ್ಟಿದೆ. ಸಂತೆಗೆ ನಡೆದು ಹೋಗುವುದು, ಬಟ್ಟೆ ಒಣಹಾಕುವುದು, ಸೊಪ್ಪು ಬಿಡಿಸಿ ಎದ್ದು ತೊಳೆದಿಡುವುದು, ಮೊಮ್ಮಗುವನ್ನು ಶಾಲೆಗೆ ಬಿಟ್ಟು ಬರುವುದು, ಇವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ನಿಧಾನವಾದರೆ ಆಗಲಿ.

ವಿದ್ಯಾರ್ಥಿಗಳೆ, ನಿಮಗೊಂದು ಮನೆಗೆಲಸ ಕೊಡುತ್ತೇನೆ. ಕೈ ಇಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಡಿ. ನಿಮ್ಮ ಮನೆಯ ಹಿರಿಯರು ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ. 60ರಿಂದ 64 ವರ್ಷದ ಗಂಡಸರಿಗೆ 14, ಹೆಂಗಸರಿಗೆ 12. 70ರಿಂದ 74ರವರಿಗೆ 12 ಮತ್ತು 10. ಇದಕ್ಕಿಂತ ಕಡಿಮೆಯಾದರೆ ಬೀಳುವ ಸಂಭವ ಹೆಚ್ಚೆಂದು ತಿಳಿದು ವೈದ್ಯರಿಗೆ ಹೇಳಿ. ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟು ಮೂರು ತಿಂಗಳ ಮೇಲೆ ಮತ್ತೆ ಎಣಿಸಿ. ಎದೆನೋವು, ಏದುಸಿರು, ವಿಪರೀತ ಮಂಡಿನೋವು ಇರುವವರಿಂದ ಮಾಡಿಸಬೇಡಿ. ಎಣಿಸುವಾಗ ಪಕ್ಕದಲ್ಲೇ ನಿಂತಿರಿ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಅದು ಜಾರುತ್ತದೆ.