ನಮ್ಮ ಕೌದಿ ಅಂಗಡಿ

(ಕಲಿಕೆ ಕೇಂದ್ರದಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಆಡಿದ ಮಾತು)



ನಾವು ಪಕ್ಕದ ಊರಿನವರು. ಧಾರವಾಡ ಸೀಮೆಯವರು. ನಮ್ಮೂರ ಹಿಟ್ಟಿನ ಗಿರಣಿ ಪಕ್ಕ ನಮ್ಮದೊಂದು ಸಣ್ಣ ಅಂಗಡಿ ಇದೆ. ಅದು ಕೌದಿ ಅಂಗಡಿ. ಒಂಬತ್ತು ಮಂದಿ ಹೆಣ್ಣುಮಕ್ಕಳು ಸೇರಿ ನಡೆಸುತ್ತೇವೆ. "ನಮ್ಮ ಕೇಂದ್ರಕ್ಕೆ ಬಂದು ನಾಲ್ಕು ಮಾತು ಹೇಳ್ರಿ" ಎಂದು ನಿಮ್ಮ ಅಕ್ಕೋರು ಕರೆದರು. ಬಂದಿದ್ದೇವೆ.

ಕೌದಿ ಗೊತ್ತಿಲ್ಲದವರು ಇಲ್ಲಿ ಯಾರಿದ್ದೀರಿ? ಯಾರೂ ಇಲ್ಲ. ಹುಟ್ಟಿದ ಕೂಸನ್ನು ಮಲಗಿಸಿದ್ದು ಕೌದಿ ಮೇಲೆ. ಬಾಣಂತಿಗೆ ಹೊದಿಸಿದ್ದು ಕೌದಿ. ಹೊಲ ಕಾಯಲು ಹೋದವರು ಹೆಗಲ ಮೇಲೆ ಹಾಕಿಕೊಂಡದ್ದೂ ಕೌದಿಯೇ. ಹರಿದ ಇಳಕಲ್ ಸೀರೆ, ಹಳೆ ಧೋತರ, ಕುಬಸದ ಖಣದ ತುಂಡು, ಎಲ್ಲಾ ಸೇರಿ ಕೌದಿ ಆಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುತ್ತಾರೆ. ಅವರು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಆ ಕೌದಿಗಳನ್ನು ಅಮೆರಿಕದವರೂ ಪ್ರದರ್ಶನದಲ್ಲಿ ಇಟ್ಟು ನೋಡಿದ್ದಾರೆ.

ನಾವು ಅಂಗಡಿ ತೆಗೆದಾಗ ಊರಲ್ಲಿ ನಕ್ಕರು. "ಕೌದಿಗೂ ಒಂದು ಅಂಗಡೀನಾ? ಮನ್ಯಾಗ ಕುಂತು ಹೊಲಿಯೋದು ಬಿಟ್ಟು!" ಅಂದರು. ನಮ್ಮ ಹಿರಿಯಾಕಿ ಒಬ್ಬಾಕಿ ಇದ್ದಾಳೆ, ನಾವೆಲ್ಲಾ ಆಯಿ ಅಂತ ಕರೆಯುತ್ತೇವೆ. ಆಕೆ ನಗಲಿಲ್ಲ, ಸಿಟ್ಟಿಗೆದ್ದಳು. "ಅವ್ವನ ಸೀರಿ ಇರ್ತೈತಿ ಅದ್ರಾಗ. ಅದನ್ನ ಮಾರ್ತೀರೇನು?" ಎಂದು ಕೇಳಿದಳು. ಆ ಮಾತು ಸುಳ್ಳಲ್ಲ. ಅದಕ್ಕೇ ನಾವು ಒಂದು ಕಟ್ಟಳೆ ಮಾಡಿಕೊಂಡೆವು. ಮನೆಯವರ ಸೀರೆಯ ಕೌದಿ ಮನೆಯಲ್ಲೇ ಇರಲಿ, ಮಗಳ ಜೊತೆ ಹೋಗಲಿ. ಮಾರುವ ಕೌದಿಗೆ ದರ್ಜಿಗಳ ಹತ್ತಿರ ಉಳಿದ ಹೊಸ ಹತ್ತಿ ತುಂಡು ತರೋಣ. ಈಗ ಆಯಿಯೇ ದರ್ಜಿಗಳ ಮನೆಗೆ ಹೋಗಿ ತುಂಡು ಆರಿಸಿ ತರುತ್ತಾಳೆ. ಆಕೆಯ ಹಾಗೆ ಚೌಕಾಸಿ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ ಬಿಡಿ.

ಅಂಗಡಿಯಲ್ಲಿ ಸೂಜಿ, ದಬ್ಬಣ, ದಾರ, ಬಟ್ಟೆ ತುಂಡು ಸಿಗುತ್ತವೆ. ವಾರಕ್ಕೆ ಎರಡು ದಿನ ಮಧ್ಯಾಹ್ನ ಹೊಲಿಗೆ ಕಲಿಸುತ್ತೇವೆ. "ಹೊಲಿಯೋದು ನಮಗೆ ಬರ್ತದ, ಕಲಿಯೋದು ಏನೈತಿ?" ಅಂತ ನೀವು ಕೇಳಬಹುದು. ಹೊಲಿಯಲು ಬರುತ್ತದೆ, ಸರಿ. ಅಳತೆ? ಲೆಕ್ಕ?

ನೋಡ್ರಿ, ಒಂದು ಕೌದಿ 5 ಅಡಿ ಅಗಲ, 7 ಅಡಿ ಉದ್ದ ಅಂದುಕೊಳ್ಳಿ. 6 ಇಂಚಿನ ಚೌಕ ತುಂಡು ಜೋಡಿಸಬೇಕು. ಒಂದು ಅಡಿಗೆ ಎರಡು ತುಂಡು. ಅಗಲಕ್ಕೆ 10, ಉದ್ದಕ್ಕೆ 14. ಒಟ್ಟು 140 ತುಂಡು ಬೇಕು. ಕತ್ತರಿಸುವಾಗ 6 ಇಂಚು ಕತ್ತರಿಸಿದರೆ ಕೆಟ್ಟಿತು! ಸುತ್ತಲೂ ಅರ್ಧ ಅರ್ಧ ಇಂಚು ಹೊಲಿಗೆಯಲ್ಲಿ ಹೋಗುತ್ತದೆ. ಅದಕ್ಕೆ 7 ಇಂಚು ಕತ್ತರಿಸಬೇಕು. ಇದನ್ನು ಮೊದಲು ಹಾಳೆಯ ಮೇಲೆ ಚೌಕ ಹಾಕಿ ಬರೆಯುತ್ತೇವೆ. ಯಾವ ಚೌಕಕ್ಕೆ ಯಾವ ಬಣ್ಣ ಎಂದೂ ಬರೆಯುತ್ತೇವೆ. ಕೆಂಪಿಗೆ 'ಕೆಂ', ಹಸಿರಿಗೆ 'ಹ'. ನಿಮ್ಮ ಹಾಗೆ ಹೊಸದಾಗಿ ಅಕ್ಷರ ಕಲಿತವರಿಗೆ ಇದು ಒಳ್ಳೆ ಆಟ.

ಬಟ್ಟೆ ನೋಡುವುದನ್ನೂ ಕಲಿಸುತ್ತೇವೆ. ಹತ್ತಿ ಬಟ್ಟೆ ಬೆವರು ಹೀರುತ್ತದೆ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಕೂಸಿನ ಕೌದಿಗೆ ಅದು ಬೇಡವೇ ಬೇಡ. ಹೊಸ ಬಟ್ಟೆಯನ್ನು ತೊಳೆದೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಂದು ತುಂಡು ಕುಗ್ಗುತ್ತದೆ, ಪಕ್ಕದ್ದು ಉಬ್ಬುತ್ತದೆ. ಕೆಂಪು ಬಟ್ಟೆಯ ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದನ್ನು ದೂರ ಇಡಿ.

ಇನ್ನು ಸೂಜಿಯ ಲೆಕ್ಕ. ಒಂದೊಂದು ಇಂಚಿಗೆ ಒಂದು ಸಾಲು ಟಾಕು ಹಾಕಿದರೆ, 5 ಅಡಿ ಅಗಲಕ್ಕೆ ಸುಮಾರು 60 ಸಾಲು. ಒಂದು ಸಾಲು 7 ಅಡಿ. ಅಂದರೆ ಸೂಜಿ 420 ಅಡಿ ನಡೆಯಬೇಕು. ಇಂಚಿಗೆ 4 ಟಾಕು ಅಂದರೂ 20 ಸಾವಿರ ಟಾಕು ದಾಟುತ್ತದೆ. ಈ ಲೆಕ್ಕವನ್ನು ಮೊದಲ ಸಲ ಹಲಗೆಯ ಮೇಲೆ ಬರೆದಾಗ ನಾವು ಒಂಬತ್ತು ಮಂದಿಯೂ ಸುಮ್ಮನೆ ಕುಳಿತೆವು. ಇಷ್ಟು ವರ್ಷ ಇದನ್ನು "ಖಾಲಿ ಕುಂತಾಗ ಮಾಡೋ ಕೆಲಸ" ಅಂದುಕೊಂಡಿದ್ದೆವಲ್ಲ!

ದುಡ್ಡಿನ ಲೆಕ್ಕಕ್ಕೆ ಬರೋಣ. ದಿನಕ್ಕೆ 3 ತಾಸಿನ ಹಾಗೆ 20 ದಿನ ಹೊಲಿದರೆ 60 ತಾಸು. ಪೇಟೆಯ ವ್ಯಾಪಾರಿ ಒಬ್ಬರು ನಮಗೆ ಕೌದಿಗೆ 600 ರೂಪಾಯಿ ಕೊಡುತ್ತೇವೆ ಅಂದರು. 600 ಅನ್ನುವುದು ದೊಡ್ಡದಾಗಿ ಕೇಳುತ್ತದೆ. 60ರಿಂದ ಭಾಗಿಸಿ ನೋಡಿ. ತಾಸಿಗೆ 10 ರೂಪಾಯಿ! 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೆಲಸದ ದಿನಗೂಲಿ 349 ರೂಪಾಯಿ ಇತ್ತು. 8 ತಾಸಿನ ದಿನ ಅಂದರೆ, ತಾಸಿಗೆ 43 ರೂಪಾಯಿಗಿಂತ ಹೆಚ್ಚು. ಮಣ್ಣು ಹೊರುವ ಕೈಗೆ 43, ಕೌದಿ ಹೊಲಿಯುವ ಕೈಗೆ 10. ಎರಡೂ ನಮ್ಮ ಕೈಗಳೇ.

ಅದೇ ವ್ಯಾಪಾರಿ ಆರು ಕೌದಿ ಒಯ್ದರು. ಒಟ್ಟು 3,600 ರೂಪಾಯಿ ಆಗಬೇಕು. 1,000 ಮುಂಗಡ ಕೊಟ್ಟರು, ಒಂದು ಚೀಟಿ ಬರೆದರು, "ಸಹಿ ಮಾಡ್ರಿ" ಅಂದರು. ನಮ್ಮಲ್ಲಿ ಒಬ್ಬಾಕಿ ಆಗ ತಾನೇ ಅಕ್ಷರ ಕಲಿತಿದ್ದಳು. ಒತ್ತಕ್ಷರ ಬಂದರೆ ತಡವರಿಸುತ್ತಿದ್ದಳು. ಚೀಟಿ ಹಿಡಿದು ಬೆರಳಿಟ್ಟು ಓದಿದಳು. "ಲೆ-ಕ್ಕ... ಚು-ಕ್ತಾ." ಇನ್ನೊಮ್ಮೆ ಓದಿದಳು. "ಅಣ್ಣಾರ, 2,600 ಬಾಕಿ ಐತಲ್ಲ, ಚುಕ್ತಾ ಅಂತ ಯಾಕ ಬರದೀರಿ?" ಎಂದು ಕೇಳಿದಳು. ಅವರು ಅವಸರದಲ್ಲಿ ಹಾಗಾಯಿತು ಅಂದರು. ಇರಬಹುದು. ಬೇರೆ ಚೀಟಿ ಬರೆಸಿಕೊಂಡೆವು. "1,000 ಮುಂಗಡ, 2,600 ಬಾಕಿ." ಆಮೇಲೆ ನಾವೇ ಪಾವತಿ ಪುಸ್ತಕ ಇಟ್ಟೆವು. ಈಗ ಚೀಟಿ ನಾವು ಬರೆಯುತ್ತೇವೆ, ಒಯ್ಯುವವರು ಸಹಿ ಮಾಡುತ್ತಾರೆ. 600ಕ್ಕೆ ಕೊಡುವುದನ್ನೂ ನಿಲ್ಲಿಸಿದೆವು. ಕೆಲವರು ಬರುವುದು ಬಿಟ್ಟರು. ಬರುವವರು ಬರುತ್ತಾರೆ. ಕೌದಿ ಕಡಿಮೆ ಹೋಗುತ್ತವೆ, ಆದರೆ ತಾಸಿನ ಲೆಕ್ಕ ಹಿಡಿದೇ ಹೋಗುತ್ತವೆ.

ಅಮೆರಿಕದಲ್ಲಿ ಅಲಬಾಮಾ ಎಂಬ ರಾಜ್ಯ ಇದೆ. ಅಲ್ಲಿಯ ಕಪ್ಪು ಜನರ ಹೆಣ್ಣುಮಕ್ಕಳೂ ನಮ್ಮ ಹಾಗೇ. ಹೊಲದ ಕೆಲಸದಲ್ಲಿ ಸವೆದ ಬಟ್ಟೆಯಿಂದ ಕೌದಿ ಹೊಲಿಯುತ್ತಿದ್ದರು. ಆ ಕಾಲಕ್ಕೆ ಅಲ್ಲಿ ಓಟು ಹಾಕಬೇಕಾದರೆ ಓದು ಬರಹದ ಪರೀಕ್ಷೆ ಕೊಡಬೇಕಿತ್ತು. ಕಪ್ಪು ಜನರನ್ನು ದೂರ ಇಡಲಿಕ್ಕೇ ಆ ಪರೀಕ್ಷೆ. 1965ರ ಕಾನೂನು ಅದನ್ನು ತಡೆಯಿತು. ಮತದಾರರ ಪಟ್ಟಿಗೆ ಹೆಸರು ಬರೆಸಿದ್ದಕ್ಕೆ ಕೆಲವರನ್ನು ಜಮೀನುದಾರರು ಮನೆ ಬಿಡಿಸಿದರು. ಅಂಥ ಕಷ್ಟದಲ್ಲಿ ಆ ಹೆಣ್ಣುಮಕ್ಕಳು 1966ರಲ್ಲಿ ಒಂದು ಸಹಕಾರ ಸಂಘ ಕಟ್ಟಿದರು. ಕೌದಿ ಹೊಲಿದು ಒಟ್ಟಾಗಿ ಮಾರಿದರು. ಅಲ್ಲಿಯ ಗೀಸ್ ಬೆಂಡ್ ಎಂಬ ಊರಿನ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ ನಗರದ ದೊಡ್ಡ ಕಲಾ ಸಂಗ್ರಹಾಲಯದಲ್ಲಿ ತೂಗು ಹಾಕಿದರು. 2006ರಲ್ಲಿ ಅವುಗಳ ಚಿತ್ರ ಅಂಚೆ ಚೀಟಿಯ ಮೇಲೂ ಬಂತು.

ನಮ್ಮ ಕೌದಿ ಅಂಚೆ ಚೀಟಿಯ ಮೇಲೆ ಬಂದಿಲ್ಲ. ಆದರೆ ನಮ್ಮಲ್ಲೂ ಸ್ಪರ್ಧೆ ಇದೆ! ದೀಪಾವಳಿ ಮುಗಿದ ಮೇಲೆ, ಚಳಿ ಬಲಿಯುವ ಮುಂಚೆ ನಡೆಸುತ್ತೇವೆ. ದೊಡ್ಡ ಕೌದಿ, ಕೂಸಿನ ಕೌದಿ, ಕುಂಚಿಗಿ, ಹೀಗೆ ಮೂರು ತರಹ. ತೀರ್ಪು ಕೊಡುವವರು ಕೌದಿಯನ್ನು ಮೊದಲು ತಿರುಗಿಸಿ ಹಿಂದಿನ ಮಗ್ಗುಲು ನೋಡುತ್ತಾರೆ. ಮುಂದಿನ ಮಗ್ಗುಲು ಬಣ್ಣದಿಂದ ಕಣ್ಣು ಕಟ್ಟುತ್ತದೆ. ಹಿಂದೆ ಗಂಟು, ಸೊಟ್ಟ ಸಾಲು ಎಲ್ಲಾ ಕಾಣುತ್ತವೆ. ಒಂದು ವರ್ಷ ಬಹಳ ಚಂದದ ಕೌದಿ ಬಂತು. ಎಲ್ಲರೂ ಅದಕ್ಕೇ ಬಹುಮಾನ ಅಂದರು. ಆಯಿ ಸಾಲಿನ ಮೇಲೆ ಬೆರಳು ಸವರಿ, "ಇದು ಮಿಷಿನ್ನಿಂದು" ಅಂದಳು. ಕೈ ಹೊಲಿಗೆಯಲ್ಲಿ ಒಂದು ಟಾಕು, ಒಂದು ಖಾಲಿ, ಮತ್ತೆ ಒಂದು ಟಾಕು. ಮಿಷಿನ್ ಹೊಲಿಗೆಯಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಜಗಳ ಆಯಿತು, ಊಟದ ಹೊತ್ತು ಮೀರಿತು. ಮಿಷಿನ್ ಕೆಟ್ಟದ್ದಲ್ಲ, ಆದರೆ ಸ್ಪರ್ಧೆ ಕೈ ಹೊಲಿಗೆಯದು ಎಂದು ಮರುವರ್ಷದಿಂದ ಗೋಡೆಗೆ ಬರೆದು ಹಚ್ಚಿದೆವು.

ಮೊದಲ ಬಹುಮಾನ ಒಂದು ಒಳ್ಳೆ ಕತ್ತರಿ. ಕೊಡಪಾನ ಕೊಡೋಣ ಎಂದು ಕೆಲವರು ಅಂದಿದ್ದರು. ಕೊಡಪಾನ ಕೊಟ್ಟರೆ ಅದು ಮನೆಯದಾಗುತ್ತದೆ. ಕತ್ತರಿ ಆಕೆಯದು. ಇನ್ನೊಂದು ನಿಯಮವೂ ಇದೆ. ಕೌದಿಯ ಹಿಂದಿನ ಮೂಲೆಯಲ್ಲಿ ಹೊಲಿದಾಕಿ ತನ್ನ ಹೆಸರನ್ನು ದಾರದಿಂದ ಬರೆಯಬೇಕು. ಕೆಲವರಿಗೆ ಕೌದಿ ಹೊಲಿಯುವುದಕ್ಕಿಂತ ಅದೇ ಕಷ್ಟ! ಒಬ್ಬಾಕಿ ಮೂರು ಸಲ ಬಿಚ್ಚಿ ಹೊಲಿದಳು.

2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಹೊಳೆಗಳು ಉಕ್ಕಿ ಬಂದದ್ದು ನಿಮಗೆ ನೆನಪಿದೆ. ದಂಡೆಯ ಊರುಗಳಲ್ಲಿ ಮನೆ ಬಿದ್ದವು, ಹಾಸಿಗೆ ಹೊದಿಕೆ ಕೆಸರಾದವು. ಆಗ ನಾವು ಮಾರುವ ಕೆಲಸ ಬದಿಗಿಟ್ಟೆವು. ಒಂದು ಕೌದಿಯ ನಾಲ್ಕು ಕಡೆ ನಾಲ್ಕು ಮಂದಿ ಕುಳಿತು ಹೊಲಿದೆವು. ಒಬ್ಬಾಕಿಗೆ 20 ದಿನದ ಕೆಲಸ 5 ದಿನಕ್ಕೆ ಮುಗಿಯಿತು. ಆ ಕೌದಿಗಳಿಗೆ ಬೆಲೆ ಬರೆಯಲಿಲ್ಲ. ಆದರೆ ತಾಸು ಎಷ್ಟು ಹಿಡಿಯಿತು ಎಂದು ಪುಸ್ತಕದಲ್ಲಿ ಬರೆದೆವು. ಪುಕ್ಕಟೆ ಕೊಟ್ಟ ದುಡಿಮೆಯೂ ದುಡಿಮೆಯೇ ಅಲ್ಲವೇ?

ನೀವೂ ಬನ್ನಿ. ಸೋಮವಾರ, ಗುರುವಾರ ಮಧ್ಯಾಹ್ನ 2 ಗಂಟೆಗೆ ಕಲಿಸುತ್ತೇವೆ. ಮಂಗಳವಾರ ಸಂತೆ, ಅಂದು ಅಂಗಡಿಗೆ ಬೀಗ. ಕಲಿಯಲು ದುಡ್ಡು ಬೇಡ. ಕೂಸು ಇದ್ದವರು ಕರೆದುಕೊಂಡೇ ಬನ್ನಿ, ಮಲಗಿಸಲು ಕೌದಿಗೇನು ಕಡಿಮೆ? ಬರುವಾಗ ಒಂದು ಹಳೆಯ ಹತ್ತಿ ಸೀರೆ ತೊಳೆದು ತನ್ನಿ. ಸೂಜಿ ದಾರ ನಮ್ಮಲ್ಲಿದೆ. ನೋಟಬುಕ್ಕು, ಪೆನ್ಸಿಲ್ ಮಾತ್ರ ಮರೆಯಬೇಡಿ. ಮೊದಲ ದಿನ ಹೊಲಿಯುವುದಿಲ್ಲ, ಬರೀ ಚೌಕ ಬರೆಯುವುದು.