ಮುಖ ಕಾಣದ ದನಿ

ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಹುಡುಗನಿಗೆ ನಿದ್ದೆ ಬಾರದು, ಎದೆ ಡವಗುಟ್ಟುತ್ತದೆ. ವಾರ್ಡನರ ಬಾಗಿಲು ತಟ್ಟಲು ಸಂಕೋಚ, ಮನೆಗೆ ತಿಳಿಸಲು ಅಂಜಿಕೆ. ಆದರೆ ಕೈಯಲ್ಲಿ ಫೋನಿದೆಯಷ್ಟೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮೊದಲು ತರಬೇತಿ ಪಡೆದ ಸಲಹೆಗಾರರು ಆಲಿಸುತ್ತಾರೆ. ಅಗತ್ಯಬಿದ್ದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ. ಮುಖ ಕಾಣದ ದನಿಯೂ ಆಪ್ತವಾಗಬಲ್ಲುದೆಂದು ರೇಡಿಯೋ ಕೇಳುವ ತಮಗೆ ನಾನು ಹೇಳಬೇಕಿಲ್ಲ. ಮಕ್ಕಳು ಸದಾ ಫೋನು ಹಿಡಿದಿರುವರೆಂದು ಗದರುವ ತಂದೆತಾಯಿಗಳು ಈ ಸಂಖ್ಯೆಯನ್ನು ತಾವೇ ಬರೆದುಕೊಡಲಿ. ‘ಕರೆ ಮಾಡಿದೆಯಾ? ಏನು ಹೇಳಿದೆ?’ ಎಂದು ಮಾತ್ರ ಕೆದಕದಿರಲಿ.