ಚಹಾದ ಲೋಟದಲ್ಲಿ ನಮ್ಮ ಹಾಲು

(ಗಾದಿಗನೂರಿನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಚಹಾ ಇಲ್ಲದ ಮನೆ ಇಲ್ಲ. ನೆಂಟರು ಬಂದರೆ ಚಹಾ, ಹೆಣ್ಣು ನೋಡಲು ಬಂದರೆ ಚಹಾ, ಹೊಲದ ಆಳಿಗೂ ಚಹಾ. ಹೊಸಪೇಟೆ–ಬಳ್ಳಾರಿ ರಸ್ತೆಯ ಹೋಟೆಲುಗಳಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿಯದೆ ಏಳುವವರು ಅಪರೂಪ. ಲಾರಿ ಚಾಲಕರಿಗೂ, ತೋರಣಗಲ್ಲಿನ ಕಾರ್ಖಾನೆಗೆ ಹೋಗುವವರಿಗೂ ಅದೇ ಆಸರೆ.

ಇದು ನಮ್ಮ ಅಜ್ಜ ಮುತ್ತಜ್ಜರ ಪಾನೀಯವಲ್ಲ. ಬ್ರಿಟಿಷ್ ಸರ್ಕಾರ 1903ರಲ್ಲಿ ಚಹಾದ ಮೇಲೆ ಸೆಸ್ ಕಾಯಿದೆ ತಂದಿತು. ಆ ಹಣದಿಂದ ಮುಂದೆ ನಮ್ಮ ದೇಶದಲ್ಲೂ ಚಹಾದ ಪ್ರಚಾರ ನಡೆಯಿತು. ಪ್ರಚಾರಕರು ಹೇಳಿಕೊಟ್ಟದ್ದು ಹಾಲು ಕಡಿಮೆ ಹಾಕುವ ಇಂಗ್ಲಿಷರ ಪದ್ಧತಿ. ನಮ್ಮ ಜನ ಅದನ್ನು ಒಪ್ಪಲಿಲ್ಲ. ಸೊಪ್ಪು, ಸಕ್ಕರೆ, ಶುಂಠಿ, ಹಾಲು ಎಲ್ಲವನ್ನೂ ಕೂಡಿಸಿ ಕುದಿಸಿದರು. ಸಿ.ಟಿ.ಸಿ. ಎಂಬ ಹರಳು ಚಹಾ ಅಗ್ಗವಾಗಿ ಸಿಗತೊಡಗಿದ ಮೇಲೆ ಹಾಲಿನ ಅಗತ್ಯ ಇನ್ನೂ ಹೆಚ್ಚಿತು. ಆ ಪುಡಿಯ ಒಗರನ್ನು ಹಾಲಿನ ಪ್ರೋಟೀನು ಹಿಡಿದು ತಗ್ಗಿಸುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಲೋಟ ಚಹಾಕ್ಕೆ 50 ಮಿಲಿ ಹಾಲು ಎಂದು ಹಿಡಿಯಿರಿ. ಒಂದು ಲೀಟರಿಗೆ 20 ಲೋಟ. ದಿನಕ್ಕೆ 300 ಲೋಟ ಮಾರುವ ಅಂಗಡಿಗೆ 15 ಲೀಟರು ಬೇಕು. ಅಂದರೆ ಒಳ್ಳೆಯ ಎರಡು ಮಿಶ್ರತಳಿ ಹಸುಗಳ ಹಾಲನ್ನು ಒಂದೇ ಅಂಗಡಿ ಕೊಳ್ಳುತ್ತದೆ.

ಆದರೆ ಚಹಾ ಅಂಗಡಿಯ ಒಲೆ ನಮ್ಮ ಹಾಲಿಗೆ ಪರೀಕ್ಷೆಯೂ ಹೌದು. ಕೊಳೆ ಸೇರಿದ ಹಾಲಿನಲ್ಲಿ ಸೂಕ್ಷ್ಮಾಣುಗಳು ಬೆಳೆದು ಹುಳಿ ಏರುತ್ತದೆ, ಕುದಿ ಬಂದೊಡನೆ ಹಾಲು ಒಡೆಯುತ್ತದೆ. ಒಬ್ಬರ ಕ್ಯಾನಿನ ಹುಳಿ ಹಾಲು ಹತ್ತು ಜನರ ಹಾಲನ್ನು ಕೆಡಿಸುತ್ತದೆ. ಆದ್ದರಿಂದ ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒರೆಸಿರಿ. ಮೊದಲ ಒಂದೆರಡು ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿರಿ. ಸ್ಟೀಲ್ ಪಾತ್ರೆ ಬಳಸಿರಿ. ಹಿಂಡಿದ ಕೂಡಲೇ ಸಂಘಕ್ಕೆ ತನ್ನಿರಿ. ಹಾಲು 4 ಡಿಗ್ರಿಗೆ ತಂಪಾಗುವವರೆಗೂ ಜವಾಬ್ದಾರಿ ನಮ್ಮದೇ. ಕೆಚ್ಚಲು ಬಾವಿಗೆ ಔಷಧಿ ಕೊಡಿಸಿದ ರಾಸಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಹಾಕಬೇಡಿರಿ. ಒಡೆಯಬಾರದೆಂದು ಸೋಡಾ ಬೆರೆಸುವುದು ಕಲಬೆರಕೆ. ಅದು ಕುಡಿಯುವವನಿಗೆ ಮಾಡುವ ಮೋಸ.

ಕೊನೆಯದಾಗಿ, ತಾಯಂದಿರೇ, ಇದು ನಿಮ್ಮ ಮನೆಯ ಮಾತು. ಕೊಟ್ಟಿಗೆಯಲ್ಲಿ ಎಮ್ಮೆ ಇದ್ದರೂ ಹಾಲನ್ನೆಲ್ಲ ಡೇರಿಗೆ ಹಾಕಿ, ಮಕ್ಕಳಿಗೆ ಕರಿ ಚಹಾದಲ್ಲಿ ರೊಟ್ಟಿ ಅದ್ದಿ ಕೊಡುವ ಮನೆಗಳಿವೆ. 200 ಮಿಲಿ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಮೇಲೆ ಸುಣ್ಣದಂಶ ಸಿಗುತ್ತದೆ. ಕರಿ ಚಹಾದಲ್ಲಿ ಇವೆರಡೂ ಇಲ್ಲ. ಊಟದ ಜೊತೆ ಕುಡಿದ ಚಹಾ ಅನ್ನ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಬಸುರಿಯರಿಗೆ, ಬೆಳೆಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ನಷ್ಟ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಸರ್ಕಾರ 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುತ್ತಿದೆ. ಆ ಹಾಲು ಉತ್ಪಾದಿಸುವ ನಮ್ಮ ಮನೆಯ ಮಕ್ಕಳು ಹಾಲಿಲ್ಲದೆ ಬೆಳೆಯುವುದು ಸರಿಯೇ?

ಚಹಾ ಬಿಡಿ ಎಂದು ನಾನು ಹೇಳುವುದಿಲ್ಲ. ಚಹಾ ಕುಡಿಯುವವರಿಂದಲೇ ನಮ್ಮ ಹಾಲಿಗೆ ಬೇಡಿಕೆ. ಅಳತೆಗೆ ಹೊರಡುವ ಮುನ್ನ ಮಕ್ಕಳ ಪಾಲಿನ ಹಾಲನ್ನು ಎತ್ತಿಡಿ, ಉಳಿದದ್ದನ್ನು ಶುದ್ಧವಾಗಿ ಸಂಘಕ್ಕೆ ತನ್ನಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.